ಸೋಮವಾರದ ಎಪ್ಪತ್ತೇಳು

ಕಂಪ್ಯೂಟರಿಗೆ ಧೂಳು ಆಗಿಬರುವುದಿಲ್ಲವಂತೆ. ಅದಕ್ಕೇ ಪಾಲಪ್ಪನನ್ನು ಕಿಟಕಿಯ ಹೊರಗೆ ಕೂಡಿಸಿದರು.

ಒಳಗೆ ಎ.ಸಿ. ಹಾಕಿದ ಕೋಣೆ. ಕೋಣೆಯಲ್ಲಿ ಬಿಳಿ ಪೆಟ್ಟಿಗೆ. ಅದರ ಮುಂದೆ ಕೊಟ್ರಯ್ಯ, ಕಂಪ್ಲಿ ಕಡೆಯ ಅಯ್ಯನವರ ಪೈಕಿ, ಹೊಸಪೇಟೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದ ಆಪರೇಟರ್. ಹೊರಗೆ ಬಿಸಿಲು, ಸಂಡೂರಿನ ಕೆಂಪು ಧೂಳು, ಪಾಲಪ್ಪ. ನಡುವಿನ ಗಾಜಿನ ಕಿಟಕಿಯನ್ನು ಅಂಗೈ ಅಗಲ ತೆರೆದಿದ್ದರು. ಆ ಸಂದಿಗೆ ಬಾಯಿ ಇಟ್ಟು ಪಾಲಪ್ಪ ಅಂಕಿ ಹೇಳಬೇಕು, ಕೊಟ್ರಯ್ಯ ಕುಟ್ಟಬೇಕು. ಹನ್ನೊಂದು ದಿನದಿಂದ ಇದೇ ನಡೆದಿತ್ತು.

ತೊಂಬತ್ತೈದನೇ ಇಸವಿ ಮುಗಿಯುತ್ತಾ ಬಂದಿತ್ತು. ಗುಡ್ಡದಲ್ಲಿ ಅದಿರು ತೆಗೆಯುವ ಸಾಹುಕಾರರು ಸೇರಿ ಮಾಡಿಕೊಂಡ ಗಾಲ್ಫ್ ಕ್ಲಬ್ಬು ಅದು. ಗಾಲ್ಫ್ ಅಂದರೆ ಹಸಿರು ಹುಲ್ಲು ಅಂದುಕೊಳ್ಳಬೇಡಿ. ಅಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಕೆಂಪು ನೆಲ, ಕುರುಚಲು ಗಿಡ, ಒಂಬತ್ತು ಗುಂಡಿ. ಪ್ರತಿ ಗುಂಡಿಯ ಸುತ್ತ, ಮರಳಿಗೆ ಲಾರಿಯ ಸುಟ್ಟ ಆಯಿಲ್ ಕಲಸಿ ಸಾರಿಸಿದ ದುಂಡನೆಯ ಅಂಗಳ. ಅದಕ್ಕೆ ಬ್ರೌನು ಅನ್ನುತ್ತಾರೆ. ಚೆಂಡು ಅದರ ಮೇಲೆ ನಯವಾಗಿ ಉರುಳಬೇಕು. ಆ ನಯ ಬರುವುದು ಕೈಯಿಂದ. ಇಪ್ಪತ್ತೆಂಟು ವರ್ಷ ಪಾಲಪ್ಪ ದಿನಾ ಬೆಳಗ್ಗೆ ಮೊಣಕಾಲೂರಿ ಒಂಬತ್ತು ಬ್ರೌನು ಸಾರಿಸಿದ್ದಾನೆ. ಆಯಿಲ್ ಅವನ ಅಂಗೈಯ ಗೆರೆಗಳೊಳಗೆ ಇಳಿದು ಕೂತಿದೆ. ಸೋಪು, ಸೀಗೆಪುಡಿ, ಬೂದಿ, ಯಾವುದಕ್ಕೂ ಬಗ್ಗಿಲ್ಲ. ಅವನು ಮುರಿದ ರೊಟ್ಟಿಯ ಅಂಚಿಗೂ ಕಪ್ಪು ಹತ್ತುತ್ತದೆ.

ಬಿಸಿಲೇರಿ ಸಾಹುಕಾರರು ಬಂದ ಮೇಲೆ ಅವನು ಕ್ಯಾಡಿ. ಹದಿನಾಲ್ಕು ಕೋಲಿನ ಚೀಲ ಹೆಗಲ ಮೇಲೆ. ಆಡುವವನು ಮುಂದೆ, ಹೊರುವವನು ಹಿಂದೆ.

ಆಟದ ಲೆಕ್ಕ ಇಷ್ಟೇ. ಒಂಬತ್ತು ಗುಂಡಿಯನ್ನು ಎರಡು ಸಲ ಸುತ್ತಿದರೆ ಹದಿನೆಂಟು. ಎಪ್ಪತ್ತೆರಡು ಹೊಡೆತಕ್ಕೆ ಮುಗಿಯಬೇಕು. ತೊಂಬತ್ತು ಹೊಡೆಯುವ ಸಾಹುಕಾರನಿಗೆ ಹದಿನೆಂಟು ಮಾಫಿ. ಆ ಮಾಫಿಗೆ ಹ್ಯಾಂಡಿಕ್ಯಾಪ್ ಅಂತ ಹೆಸರು. ಮಾಫಿ ಕಡಿಮೆ ಇದ್ದಷ್ಟೂ ದೊಡ್ಡ ಆಟಗಾರ ಅನ್ನುವುದೇನೋ ನಿಜ. ಆದರೆ ತಪ್ಪು ಹೊಡೆದವನಿಗೆ ಅವನ ತಪ್ಪಿನಷ್ಟೇ ಮಾಫಿ ಕೊಡುವ ಇಂಥ ಧರ್ಮ ಸಾಹುಕಾರರ ಆಟದಲ್ಲಲ್ಲದೆ ಇನ್ನೆಲ್ಲಿ ಸಿಕ್ಕೀತು? ಪಾಲಪ್ಪ ಬ್ರೌನಿನ ಮೇಲೆ ಒಂದು ಗೆರೆ ಬಿಟ್ಟರೆ ಅವತ್ತು ಅವನಿಗೆ ಕೂಲಿಯಿಲ್ಲ.

ಮುಂದಿನ ತಿಂಗಳು ನಾಲ್ಕು ಊರಿನ ಕ್ಲಬ್ಬುಗಳ ಟೂರ್ನಮೆಂಟ್ ಇಲ್ಲಿ ನಡೆಯುವುದಿತ್ತು. ಇನ್ನು ಬಾಯಿಮಾತು ನಡೆಯುವುದಿಲ್ಲ, ಪ್ರತಿ ಆಟಗಾರನ ಹ್ಯಾಂಡಿಕ್ಯಾಪ್ ಕಂಪ್ಯೂಟರಿನಿಂದಲೇ ಬರಬೇಕು ಅಂತ ಕಮಿಟಿ ತೀರ್ಮಾನಿಸಿತು. ಬೆಂಗಳೂರಿನಿಂದ ಎರಡು ಫ್ಲಾಪಿಯಲ್ಲಿ ಸಾಫ್ಟ್‌ವೇರ್ ಬಂತು. ಯಾರಿಗೆ ಯಾರು ಜೋಡಿ, ಯಾರ ಆಟ ಎಷ್ಟು ಗಂಟೆಗೆ, ಕೊನೆಗೆ ಗೆದ್ದವರು ಯಾರು, ಎಲ್ಲ ಅದೇ ಹೇಳುತ್ತದಂತೆ. ಆದರೆ ಮೊದಲು ಅದರ ಹೊಟ್ಟೆಗೆ ಪ್ರತಿಯೊಬ್ಬನ ಕೊನೆಯ ಇಪ್ಪತ್ತು ಆಟ ಹಾಕಬೇಕು, ತಾರೀಕಿನ ಸಮೇತ, ಒಂದೊಂದು ಗುಂಡಿಗೆ ಎಷ್ಟು ಹೊಡೆತ ಅಂತ. ಹೊಡೆತದ ಲೆಕ್ಕ ಬರೆದ ಹಳೆಯ ಕಾರ್ಡುಗಳನ್ನಿಟ್ಟ ಬೀರು ತೆರೆದರೆ ಒಳಗೆ ಬರೀ ಗೆದ್ದಲಿನ ಮಣ್ಣು.

ಸೆಕ್ರೆಟರಿ ಉಜ್ಜಿನಪ್ಪ ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ನೆನಪಾಯಿತು.

"ಆ ಪಾಲನ್ನ ಕರೀರಿ. ಎಲ್ಲಾ ಅವನ ಹೊಟ್ಯಾಗ ಐತಿ."

ಪಾಲಪ್ಪನಿಗೆ ಓದು ಬಾರದು. ಅವನ ಖಾಕಿ ಚಡ್ಡಿಯ ಎಡಜೇಬಿನಲ್ಲಿ ಹತ್ತು ಅದಿರುಗಲ್ಲು ಇರುತ್ತವೆ, ಗೋಲಿಯಷ್ಟು ದಪ್ಪನೆಯವು. ಸಾಹುಕಾರ ಒಂದು ಹೊಡೆತ ಹೊಡೆದರೆ ಒಂದು ಕಲ್ಲು ಬಲಜೇಬಿಗೆ. ಗುಂಡಿ ಮುಗಿದ ಮೇಲೆ ಬಲಜೇಬು ತಡವಿ "ಐದ್ರೀ" ಅನ್ನುವುದು, ಕಲ್ಲನ್ನೆಲ್ಲ ಮತ್ತೆ ಎಡಕ್ಕೆ ಹಾಕಿಕೊಳ್ಳುವುದು. ಕಣ್ಣು ಎಲ್ಲೋ ಇದ್ದರೂ, ಮನಸ್ಸು ಎಲ್ಲೋ ಇದ್ದರೂ ಕೈ ತಾನಾಗಿ ಕಲ್ಲು ದಾಟಿಸುತ್ತದೆ. ಒಂದು ಸಲ ದಾಟಿದ ಕಲ್ಲು ಅವನಿಗೆ ಮರೆಯುವುದಿಲ್ಲ. ಉಳಿದ ಕ್ಯಾಡಿಗಳೂ ತಮ್ಮ ಆಟದ ಲೆಕ್ಕವನ್ನು ಅವನ ಕಿವಿಗೇ ಹಾಕುತ್ತಾರೆ. ಸಾಹುಕಾರರು ಒಬ್ಬರಿಗೊಬ್ಬರು ಟೋಪಿ ಹಾಕಿಯಾರು, ಪಾಲಪ್ಪನ ಜೇಬು ಹಾಕದು ಅನ್ನುವುದು ಇಡೀ ಕ್ಲಬ್ಬಿಗೆ ಗೊತ್ತು. ಕಾರ್ಡು ಹಾಳಾದ ಆಟಕ್ಕೆ ಪಾಲಪ್ಪನ ಬಾಯಿಂದ ಬಂದದ್ದೇ ಖರೆ ಅಂತ ಕಮಿಟಿ ಬರೆದುಕೊಂಡಿತು.

ಹಾಗಾಗಿ ಅವನು ಹನ್ನೊಂದು ದಿನ ಕಿಟಕಿಗೆ ಬಾಯಿ ಇಟ್ಟು ನಲವತ್ತೊಂದು ಸಾಹುಕಾರರ ಆಟ ಒಪ್ಪಿಸಿದ. ಗಂಟಲು ಒಣಗಿದರೆ ಕೊಟ್ರಯ್ಯ ಕಿಟಕಿಯಿಂದ ನೀರು ಸುರಿಯುತ್ತಿದ್ದ, ಎತ್ತರದಿಂದ. ಪಾಲಪ್ಪ ಬೊಗಸೆ ಒಡ್ಡುತ್ತಿದ್ದ. ಕಂಪ್ಯೂಟರ್ ಬಂದರೂ ಅವನಿಗೊಂದು ಲೋಟ ಬರಲಿಲ್ಲ.

"ಇದೊಂದು ಮುಗೀತಂದ್ರ ನಿಂಗ ಆರಾಮ ನೋಡು ಪಾಲಪ್ಪ," ಅಂದಿದ್ದ ಕೊಟ್ರಯ್ಯ, ಕೆಟ್ಟ ಮನಸ್ಸಿನಿಂದೇನಲ್ಲ. "ಇನ್ನ ಯಾರೂ ನಿನ್ನ ಕೇಳಾಕ ಬರಂಗಿಲ್ಲ."

"ಹೂಂನ್ರಿ ಅಯ್ನೋರ," ಅಂದಿದ್ದ ಪಾಲಪ್ಪ. ಯಾವ ಆರಾಮ ಅನ್ನುವುದು ಅವನಿಗೆ ಅರ್ಥವಾಗಿತ್ತು.

ಹನ್ನೊಂದನೇ ದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಹೆಸರು ಉಳಿಯಿತು. ತೋಟಪ್ಪ.

ತೋಟಪ್ಪನ ಅಪ್ಪನಿಗೆ ಕಂಪ್ಲಿ ಹತ್ತಿರ ಬೆದ್ದಲು ಹೊಲವಿತ್ತು. ಡ್ಯಾಮು ಕಟ್ಟಿದರು, ಕಾಲುವೆ ಬಂತು, ಹೊಲ ಗದ್ದೆಯಾಯಿತು, ಗದ್ದೆ ರೈಸ್ ಮಿಲ್ಲಾಯಿತು, ಮಿಲ್ಲು ಸಂಡೂರಿನಲ್ಲಿ ಗಣಿಯಾಯಿತು. ಆ ಕಾಲುವೆಗೆ ಮಣ್ಣು ಹೊತ್ತವರಲ್ಲಿ ಪಾಲಪ್ಪನ ಅಪ್ಪನೂ ಒಬ್ಬ. ಬುಟ್ಟಿ ಹೊತ್ತೂ ಹೊತ್ತೂ ಅವನ ನಡುನೆತ್ತಿಯ ಕೂದಲು ಸವೆದುಹೋಗಿತ್ತು. ನೀರು ಅವರ ಪಾಲಿಗೆ ಹೋಯಿತು, ಬೋಳು ಇವರ ಪಾಲಿಗೆ ಉಳಿಯಿತು.

ತೋಟಪ್ಪನ ಹತ್ತೊಂಬತ್ತು ಆಟ ಒಳಗೆ ಹೋಗಿದ್ದವು. ಇಪ್ಪತ್ತನೆಯ ಸಾಲು ಖಾಲಿ. ಪರದೆ ಹ್ಯಾಂಡಿಕ್ಯಾಪ್ ಹದಿಮೂರು ತೋರಿಸುತ್ತಿತ್ತು. ಟೂರ್ನಮೆಂಟಿನ ಮೊದಲ ದರ್ಜೆಯಲ್ಲಿ ಆಡಲು ಅದು ಹನ್ನೆರಡಕ್ಕೆ ಇಳಿಯಬೇಕು. ಕ್ಲಬ್ಬಿನ ಕ್ಯಾಪ್ಟನ್ ಅನ್ನಿಸಿಕೊಳ್ಳಲೂ ಹನ್ನೆರಡೇ ಬೇಕು.

ವರಾಂಡದಲ್ಲಿ ನಾಲ್ಕಾರು ಸಾಹುಕಾರರ ಜೊತೆ ಚಹಾ ಕುಡಿಯುತ್ತಿದ್ದ ತೋಟಪ್ಪ ಕಪ್ಪು ಹಿಡಿದುಕೊಂಡೇ ಒಳಗೆ ಬಂದ. ಹಿಂದೆ ಉಜ್ಜಿನಪ್ಪ.

"ಎಪ್ಪತ್ತೇಳು ಹಾಕಿಲ್ಲೇನು? ನನ್ನ ಜೀವಮಾನದ ಬೆಸ್ಟ್ ಆಟ ಅದು. ಯುಗಾದಿ ಆದಮ್ಯಾಲ, ಒಬ್ನ ಬಂದು ಆಡಿದ್ನಲ್ಲ. ಲೇ ಪಾಲ, ನೀನ ಇದ್ದೆಲ್ಲಲೇ. ಹೇಳು."

ಪಾಲಪ್ಪನ ಕೈ ಸೊಂಟದ ಉಡಿದಾರಕ್ಕೆ ಹೋಯಿತು. ಅಲ್ಲಿ ಒಂದು ಬಟ್ಟೆಯ ಗಂಟು ಇತ್ತು.

ತೋಟಪ್ಪನಿಗೆ ಆ ದಿನ ಎಪ್ಪತ್ತೇಳರ ದಿನವಾಗಿ ನೆನಪಿತ್ತು. ಇನ್ಯಾವುದರ ದಿನವಾಗಿಯೂ ನೆನಪಿರಲಿಲ್ಲ.

"ತಾರೀಕು ಯಾವುದು ಹಾಕ್ಲಿರಿ?" ಕೊಟ್ರಯ್ಯ ಕೇಳಿದ.

ಉಜ್ಜಿನಪ್ಪನಿಗೆ ಮಾತ್ರ ನೆನಪಿತ್ತು. ಅವನ ಮುಖ ಇಳಿಯಿತು. "ಭಾನುವಾರದ್ದ ಹಾಕಿಬಿಡು," ಅಂದ.

ಆ ದಿನ ಭಾನುವಾರವಲ್ಲ, ಸೋಮವಾರ. ಸೋಮವಾರ ಕ್ಲಬ್ಬಿಗೆ ಬೀಗ, ಅವತ್ತು ತೋಟಪ್ಪನಿಗಷ್ಟೇ ತೆಗೆದಿದ್ದರು. ಆ ಸೋಮವಾರ ಪಾಲಪ್ಪನ ಮಗ ಹುಲುಗಪ್ಪ, ಇಪ್ಪತ್ನಾಲ್ಕರ ಹರೆಯದವನು, ಇದೇ ಮೈದಾನದಲ್ಲಿ ಸತ್ತ. ಪೊಲೀಸರ ಕಾಗದದಲ್ಲಿ ಹೀಗೆ ಬರೆದಿದೆ: ಕ್ಲಬ್ಬು ಬಂದ್ ಆಗಿತ್ತು, ಯಾರೂ ಆಟಕ್ಕೆ ಬಂದಿರಲಿಲ್ಲ, ಹುಲುಗಪ್ಪ ಕುಡಿದು ಬಂಡೆಯ ಮೇಲಿಂದ ಬಿದ್ದ. ಕೆಳಗೆ ಅಪ್ಪನ ಹೆಬ್ಬೆಟ್ಟು. ಶಾಯಿಯ ಖರ್ಚೂ ಉಳಿಯಿತು, ಬೆರಳು ಮೊದಲೇ ಕಪ್ಪಗಿತ್ತು ಅಂತ ಆಮೇಲೆ ನಗೆಯಾಡಿದವನು ಉಜ್ಜಿನಪ್ಪ. ಹೆಣದ ಅಂಗಿಯ ಮೇಲೆ ಒಂದು ಪ್ಯಾಕೆಟ್ ಸಾರಾಯಿ ಸುರಿದವನೂ ಅವನೇ.

ಹುಲುಗಪ್ಪ ಸಾರಾಯಿ ಮುಟ್ಟಿದವನೇ ಅಲ್ಲ. ಹೆಣಕ್ಕೆ ನೀರು ಹಾಕುವಾಗ ತಾಯಿ ಭರಮಮ್ಮನ ಮೂಗಿಗೆ ಆ ವಾಸನೆ ಬಡಿಯಿತು. ಎದೆ ತೊಳೆಯುತ್ತಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅವನಿಗೆ ಮರಿಯಮ್ಮನಹಳ್ಳಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಕುಡುಕನಿಗೆ ಕೊಡುವುದು ತಪ್ಪಿತಲ್ಲ, ದೇವರು ದೊಡ್ಡವನು ಅಂದರು ಆ ಕಡೆಯವರು. ಅಂದಿನಿಂದ ಭರಮಮ್ಮ ನಲ್ಲಿಗೆ ಹೋಗುವುದು ಕೇರಿಯ ಹೆಂಗಸರೆಲ್ಲ ನೀರು ಹಿಡಿದುಕೊಂಡು ಹೋದ ಮೇಲೆ. "ನನ ಮಗ ಕುಡೀತಿದ್ದ, ಹಡದಾಕಿಗೇ ಗೊತ್ತಾಗ್ಲಿಲ್ಲ," ಅಂತ ಒಲೆಯ ಮುಂದೆ ಕೂತು ಒಲೆಗೆ ಹೇಳುತ್ತಾಳೆ. ಪಾಲಪ್ಪ ಕೇಳಿಸಿಕೊಂಡು ಸುಮ್ಮನಿರುತ್ತಾನೆ. ಒಂಬತ್ತು ತಿಂಗಳಿಂದ ಸುಮ್ಮನಿದ್ದಾನೆ. ಕೆಲಸ ಹೋದೀತು ಅನ್ನುವ ಅಂಜಿಕೆ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ಬಾಯಿಬಿಟ್ಟರೆ ಎಲ್ಲವನ್ನೂ ಬಿಡಬೇಕಾಗುತ್ತದೆ, ಆ ಎಲ್ಲದರಲ್ಲಿ ಅವನೂ ಇದ್ದಾನೆ.

"ಭಾನುವಾರ ಅನ್ನಲೇ," ಉಜ್ಜಿನಪ್ಪ ಕಿಟಕಿಯ ಹತ್ತಿರ ಬಂದ. "ಗುಂಡಿಗುಂಡಿದು ಹೇಳಿ ಮುಗಸು. ಜಲ್ದಿ."

ಪಾಲಪ್ಪ ಸಂದಿಯಿಂದ ಬಾಯಿ ತೆಗೆದ. ಹನ್ನೊಂದು ದಿನ ಕುಕ್ಕರುಗಾಲಲ್ಲಿ ಕೂತಿದ್ದವನು ಎದ್ದು ನಿಂತ.

"ಅನ್ನಂಗಿಲ್ರಿ."

"ಏನಂದಿ?"

"ಭಾನುವಾರ ಅನ್ನಂಗಿಲ್ಲ. ಭಾನುವಾರ ನನ ಮಗ ಇದ್ದ. ಅವ್ವಗ ಕಟಿಗಿ ಒಡದು ಕೊಟ್ಟ. ಎರಡು ರೊಟ್ಟಿ ಹೆಚ್ಚಿಗಿ ಉಂಡ. ಆ ಒಂದು ದಿನಾನೂ ಅವನ ಕಡಿಂದ ಕಸಗೋಬ್ಯಾಡ್ರಿ."

ಕೊಟ್ರಯ್ಯ ಪರದೆಯಿಂದ ತಲೆಯೆತ್ತಿದ. ತೋಟಪ್ಪ ನಕ್ಕ. "ಇವನೌನ, ಯಾವ ವಾರ ಆದ್ರೇನಲೇ? ಹೇಳು ಅಂದ್ರ ಹೇಳು."

"ಹೇಳ್ತೀನಿ. ಬರಕೊಳ್ರಿ ಅಯ್ನೋರ. ಯುಗಾದಿ ಆದಮ್ಯಾಲಿನ ಸೋಮಾರ."

ಹನ್ನೊಂದು ದಿನ ಹೇಳಿದ ದನಿಯಲ್ಲೇ ಹೇಳಿದ. ಏರಿಸಲಿಲ್ಲ, ಇಳಿಸಲಿಲ್ಲ. ಒಂದನೇ ಗುಂಡಿ, ನಾಕು. ಎರಡು, ಐದು. ಮೂರು, ಮೂರು. ಕೊಟ್ರಯ್ಯನ ಬೆರಳುಗಳು ರೂಢಿಯಂತೆ ಅವನ ಮಾತಿನ ಹಿಂದೆ ಓಡಿದವು. ಹದಿನೈದು ಗುಂಡಿಗೆ ಅರವತ್ನಾಲ್ಕಾಯಿತು.

"ಹದಿನಾರನೇ ಗುಂಡಿ. ಮೊದಲ್ನೇ ಹೊಡ್ತ ಸೀದಾ ಬಂತು. ಒಂದು ಕಲ್ಲು ದಾಟಿಸ್ದೆ. ಎರಡನೇದು ಎಡಕ್ಕ ತಿರುಗ್ತು. ಕೊಳ್ಳದ ಕಡಿಗೆ ಹೊಂಟ್ತು. ಅಲ್ಲಿ ಆಗೇವಾಲಾ ನಿಂತಿದ್ದ."

ಆಗೇವಾಲಾ ಅಂದರೆ ಚೆಂಡು ಎಲ್ಲಿ ಬಿತ್ತು ಅಂತ ನೋಡಲು ಮುಂದೆ ಹೋಗಿ ನಿಲ್ಲುವವನು. ಚೆಂಡು ಕಳೆಯಬಾರದಲ್ಲ. ಚೆಂಡು ಪರದೇಶದ್ದು. ಆಗೇವಾಲಾ ಇಲ್ಲಿಯವನು.

"ಆಗೇವಾಲಾ ನನ ಮಗ ಹುಲುಗಪ್ಪ. ಚೆಂಡು ಕಣತಲಿಗೆ ಬಡೀತು. ಬಡದು ಹೊಳ್ಳಿ ಪುಟದು ಬ್ರೌನಿಗೆ ಬಂದು ನಿಂತ್ತು. ನಾ ಎರಡನೇ ಕಲ್ಲು ದಾಟಿಸ್ದೆ."

ವರಾಂಡದಲ್ಲಿ ಕಪ್ಪುಬಸಿಗಳ ಸದ್ದು ನಿಂತಿತು. ಬೇವಿನ ಮರದ ಕೆಳಗೆ ಚೀಲಗಳ ಜೊತೆ ಕೂತಿದ್ದ ಕ್ಯಾಡಿಗಳು ಒಬ್ಬೊಬ್ಬರಾಗಿ ಎದ್ದು ನಿಂತರು.

"ಕೊಳ್ಳಕ್ಕ ಬಿದ್ದಿದ್ರ ಎಂಬತ್ತು ಆಗ್ತಿತ್ತು. ನನ ಮಗನ ತಲಿ ಅಡ್ಡ ಬಂತು, ಎಪ್ಪತ್ತೇಳು ಆತು. ಹದಿನಾರಕ್ಕ ನಾಕು ಬರಕೊಳ್ರಿ. ಹದಿನೇಳು, ನಾಕು. ಹದಿನೆಂಟು, ಐದು. ಆಡಿದಾಂವ ತೋಟಪ್ಪ. ಕಲ್ಲು ದಾಟಿಸಿದಾಂವ ಪಾಲಪ್ಪ."

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಆ ಹೆಸರಿನ ಮುಂದೆ ಸಾಹುಕಾರ ಅನ್ನುವುದನ್ನು ಬಿಟ್ಟಿದ್ದ.

ಉಜ್ಜಿನಪ್ಪ ಚಪ್ಪಲಿಗೆ ಕೈ ಹಾಕಿದ. ತೋಟಪ್ಪ ತಡೆದ. ಅವನ ಕಣ್ಣು ಪಾಲಪ್ಪನ ಮೇಲಿರಲೇ ಇಲ್ಲ, ಪರದೆಯ ಮೇಲಿತ್ತು.

"ಬೊಗಳ್ಲಿ ಬಿಡು. ಹೆಬ್ಬೆಟ್ಟು ಒತ್ತಿದಾಂವನ ಮಾತು ಯಾಂವ ಕೇಳ್ತಾನ? ಕೊಟ್ರಯ್ಯ, ಎಷ್ಟಾತು?"

"ಹನ್ನೆರಡ್ರೀ," ಅಂದ ಕೊಟ್ರಯ್ಯ.

"ಹಾಂ. ತಗಿ ಪ್ರಿಂಟು."

ಆಸೆ ಕಣ್ಣು ಮುಚ್ಚಿಸುತ್ತದೆ ಅನ್ನುತ್ತಾರೆ. ತೋಟಪ್ಪನಿಗೆ ಹನ್ನೆರಡು ಕಂಡಿತು, ಅದರ ಪಕ್ಕದ ತಾರೀಕು ಕಾಣಲಿಲ್ಲ. ಪ್ರಿಂಟರ್ ಕಿರ್ರನೆ ಅರಚುತ್ತ ಸಾಲು ಸಾಲಾಗಿ ಉಗುಳಿತು. ಮೇಲೊಂದು ಹಾಳೆ, ಕೆಳಗೆ ಕಾರ್ಬನ್ನಿನ ಇನ್ನೊಂದು. ಉಜ್ಜಿನಪ್ಪ ಬಗ್ಗಿ ಓದಿದ. "ಸಾವ್ಕಾರ್ರ... ತಾರೀಕು ಅವತ್ತಿಂದ ಐತ್ರಿ. ಕ್ಲಬ್ಬು ಬಂದ್ ಇತ್ತು ಅಂತ ಬರಕೊಟ್ಟೀವಿ ನಾವು..."

ಅಷ್ಟರಲ್ಲಿ ಪಾಲಪ್ಪ ಕಿಟಕಿಯನ್ನು ತಳ್ಳಿದ್ದ. ಭುಜದ ತನಕ ಕೈ ಒಳಗೆ ಹಾಕಿದ. ಎ.ಸಿ.ಯ ತಂಪು ಅವನ ಮೈಗೆ ತಾಗಿದ್ದು ಅದೇ ಮೊದಲು. ಕೆಳಗಿನ ಹಾಳೆಯ ಮೇಲೆ ಕೊಟ್ರಯ್ಯನ ಅಂಗೈ ಇತ್ತು. ಕೊಟ್ರಯ್ಯ ಅವನ ಮುಖ ನೋಡಲಿಲ್ಲ. ಅಂಗೈ ಎತ್ತಿದ. ಪಾಲಪ್ಪ ಹಾಳೆ ಹರಿದುಕೊಂಡ. ಅದರ ಅಂಚಿಗೆ ಅವನ ಕಪ್ಪು ಹೆಬ್ಬೆಟ್ಟು ಮೂಡಿತು. ಈ ಸಲ ಯಾರೂ ಅವನ ಕೈಹಿಡಿದು ಒತ್ತಿಸಿದ್ದಲ್ಲ.

"ಹಿಡೀರಲೇ ಅವನ್ನ!" ಉಜ್ಜಿನಪ್ಪ ಕ್ಯಾಡಿಗಳ ಕಡೆ ಕೂಗಿದ.

ಯಾರೂ ಅಲ್ಲಾಡಲಿಲ್ಲ. ಒಬ್ಬ ಹೆಗಲಿಗೇರಿಸಿಕೊಂಡಿದ್ದ ಚೀಲವನ್ನು ನೆಲಕ್ಕೆ ಇಳಿಸಿದ. ಇನ್ನೊಬ್ಬನೂ ಇಳಿಸಿದ. ಅವರ ನಡುವೆ ಹಾಯ್ದು ಪಾಲಪ್ಪ ಗೇಟು ದಾಟಿದ.

ಕ್ಲಬ್ಬಿನಿಂದ ಕೇರಿಗೆ ಎರಡು ಮೈಲಿ ಇಳುಕಲು. ಅರ್ಧ ದಾರಿಯಲ್ಲೇ ಅವನ ಸಿಟ್ಟು ಮುಗಿದುಹೋಯಿತು. ಆಮೇಲೆ ಬಂದದ್ದು ಹೆದರಿಕೆ. ತೋಟಪ್ಪನದಲ್ಲ, ಭರಮಮ್ಮನದು.

ಭರಮಮ್ಮ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಪಾಲಪ್ಪ ಎದುರಿಗೆ ಕುಕ್ಕರಿಸಿ ಹಾಳೆಯನ್ನು ಅವಳ ಮೊರದ ಮೇಲೆ, ಜೋಳದ ಮೇಲೆ ಇಟ್ಟ. ಚೆಂಡು ಬಡಿದದ್ದು ಹೇಳಿದ. ಸಾರಾಯಿ ಸುರಿದದ್ದು ಹೇಳಿದ. ಹೆಬ್ಬೆಟ್ಟು ಒತ್ತಿದ್ದು ಹೇಳಿದ.

"ಅಂವ ಕುಡಿದಿದ್ದಿಲ್ಲಾ?"

"ಇಲ್ಲ."

"ಕುಡಿದಿದ್ದಿಲ್ಲಾ?"

"ಇಲ್ಲಬೇ. ಒಂದು ಹನೀನೂ ಇಲ್ಲ."

ಮೊರ ಜಾರಿ ಜೋಳವೆಲ್ಲ ಅಂಗಳಕ್ಕೆ ಚೆಲ್ಲಿತು. ಭರಮಮ್ಮ ಎರಡೂ ಕೈಯಲ್ಲಿ ಎದೆ ಬಡಿದುಕೊಂಡಳು. "ನನ ಕಂದಾ, ನಿನ ಮ್ಯಾಲ ಸಿಟ್ಟು ಮಾಡಿದ್ನಲ್ಲೋ! ನಿನ ಎದಿ ತೊಳೀಲಾರದ ಮಣ್ಣಿಗೆ ಕಳಿಸಿದ್ನಲ್ಲೋ!" ಒಂಬತ್ತು ತಿಂಗಳಿಂದ ಅವಳು ಗಟ್ಟಿಯಾಗಿ ಅತ್ತಿರಲಿಲ್ಲ. ಕುಡುಕ ಮಗನಿಗೆ ಅಳಲು ಅವಳಿಗೆ ನಾಚಿಕೆಯಾಗಿತ್ತು. ಈಗ ಕೇರಿಗೆಲ್ಲ ಕೇಳುವಂತೆ ಅತ್ತಳು. ಹೆಂಗಸರು ಬಾಗಿಲಿಗೆ ಬಂದು ನಿಂತರು. ಪಾಲಪ್ಪ ತಲೆಬಗ್ಗಿಸಿ ಚೆಲ್ಲಿದ ಜೋಳ ನೋಡುತ್ತ ಕೂತ.

ಅಳು ತಗ್ಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಡದ ಕೂಡ್ಲೇ ಹೋದ್ನಾ?"

ಹೂಂ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಇಷ್ಟು ದಿನ ಸುಳ್ಳಿಗೆ ಬಗ್ಗಿದ ನಾಲಿಗೆ ಇವತ್ತು ಬಗ್ಗಲಿಲ್ಲ.

"ಇಲ್ಲ. ಎದ್ದು ಕುಂತ. ರಕ್ತ ಬಂದಿದ್ದಿಲ್ಲ. ಏನಾಗಿಲ್ಲ, ನೆಳ್ಳಿಗೆ ಕುಂದ್ರಿಸಿ ಬಾರಲೇ ಅಂದ ತೋಟಪ್ಪ. ಜಾಲಿಗಿಡದ ಬುಡಕ ಕುಂದ್ರಿಸ್ದೆ."

"ಆಮ್ಯಾಲ?"

"ಚೀಲ ಹೊತಗೊಂಡೆ."

ಭರಮಮ್ಮ ಅವನನ್ನೇ ನೋಡುತ್ತಿದ್ದಳು.

"ಎಲ್ಲಾ ಮುಗಿಸಿ ಹೊಳ್ಳಿ ಬಂದು ನೋಡಿದ್ರ ಬಾಯಾಗ ನೊರಿ ಬಂದಿತ್ತು. ಮೈ ತಣ್ಣಗಾಗಿತ್ತು."

"ನೀ ಹೋಗಬೇಕಾದ್ರ ಅಂವ ಏನರ ಅಂದ್ನಾ?"

ಪಾಲಪ್ಪ ಸೊಂಟದ ಗಂಟು ಬಿಚ್ಚಿದ. ಒಂದು ಅದಿರುಗಲ್ಲು ಹೊರಬಂತು. ಚೆಂಡು ಮಗನ ತಲೆಗೆ ಬಡಿದ ಹೊತ್ತಿನಲ್ಲಿ ಅವನ ಕೈ ತಾನಾಗಿ ದಾಟಿಸಿದ ಕಲ್ಲು ಅದು. ಅದನ್ನು ಹೊಸ್ತಿಲ ಮೇಲೆ ಇಟ್ಟ.

"ಯಪ್ಪಾ ಅಂದ."

"ನೀ ಏನಂದಿ?"

"ಬಂದೆ ತಡಿ, ಇನ್ನ ಎರಡ ಗುಂಡಿ ಅದಾವು ಅಂದೆ."

ಭರಮಮ್ಮ ಬಯ್ಯಲಿಲ್ಲ. ಜೋಳದ ನಡುವೆ ಬಿದ್ದಿದ್ದ ಹಾಳೆಯನ್ನು ಎತ್ತಿಕೊಂಡು ಝಾಡಿಸಿ, ನಾಲ್ಕು ಮಡಿಕೆ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಸೆರಗು ಬಿಗಿದು ಕಟ್ಟಿದಳು. ಬಾಗಿಲಿಗೆ ನಿಂತಿದ್ದ ಹೆಂಗಸರನ್ನು ಸರಿಸಿಕೊಂಡು ಸಂಡೂರಿನ ಪೊಲೀಸ್ ಸ್ಟೇಷನ್ನಿನ ದಾರಿ ಹಿಡಿದಳು. ಹತ್ತು ಹೆಜ್ಜೆ ಹೋದವಳು ನಿಂತಳು. ತಿರುಗಿ ನೋಡಲಿಲ್ಲ.

"ಬರ್ತಿಯೋ?" ಅಂದಳು. "ಇನ್ನೂ ಎರಡು ಅದಾವೋ?"

ಪಾಲಪ್ಪ ಕಲ್ಲನ್ನು ಹೊಸ್ತಿಲ ಮೇಲೇ ಬಿಟ್ಟು ಎದ್ದ.